ಪಹಣಿಯ ಪುಟಕ್ಕೆ ತಕ್ಕ ಅಗಲ ಯಾವುದು?

ಭೂಮಿ ಯೋಜನೆಯಿಂದ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು 2002ರ ವೇಳೆಗೆ ಗಣಕಯಂತ್ರಕ್ಕೆ ಸೇರಿದುವು. ಆಗ ರೈತನು ಪಹಣಿಯ ಪ್ರತಿಗಾಗಿ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದನು. ಗಣಕಯಂತ್ರವನ್ನು ನಡೆಸುತ್ತಿದ್ದವರು ಕಚೇರಿಯ ನೌಕರರು. ಈಗ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಹೋಬಳಿಯ ಜಮೀನುದಾರನು ಹೊಲದ ಬದುವಿನ ಮೇಲೆ ನಿಂತೇ ಅದನ್ನು ಮೊಬೈಲಿನಲ್ಲಿ ನೋಡಬಹುದಾಗಿದೆ. ನೋಡುವ ಸಾಧನವು ಬದಲಾದ ಮೇಲೆ ಪುಟದ ಅಳತೆಯೂ ಬದಲಾಗತಕ್ಕದ್ದು.

ಕಚೇರಿಯ ಹಳೆಯ ಪರದೆಗಳ ಅಗಲವು 800 ಅಥವಾ 1024 ಪಿಕ್ಸೆಲ್ ಇದ್ದಿತು. ಸಾಮಾನ್ಯ ಮೊಬೈಲಿನ ಅಗಲವಾದರೋ ಪುಟದ ಲೆಕ್ಕದಲ್ಲಿ 360ರ ಆಸುಪಾಸಿನದು. ಹಳೆಯ ಅಗಲಕ್ಕೆ ಬಿಗಿಮಾಡಿದ ಪುಟವು ಇದರಲ್ಲಿ ಓದಲಾಗದಷ್ಟು ಕುಗ್ಗುವುದು. ಇಲ್ಲವೇ ಅದರ ಬಲಭಾಗವು ಪರದೆಯ ಹೊರಗುಳಿಯುವುದು. ಇದು ಕೇವಲ ಅಂದದ ಪ್ರಶ್ನೆಯಲ್ಲ. ಪಹಣಿಯ 9ನೆಯ ಕಾಲಂನಲ್ಲಿ ಮಾಲೀಕನ ಹೆಸರೂ 11ನೆಯದರಲ್ಲಿ ಇತರೆ ಹಕ್ಕುಗಳೂ ಋಣಗಳೂ ಇರುತ್ತವೆ. ಹೆಸರನ್ನು ಕಂಡು ತೃಪ್ತನಾಗಿ, ಋಣದ ಕಾಲಂ ಕಾಣದೆ ಜಮೀನು ಕೊಂಡವನ ನಷ್ಟವನ್ನು ಭರಿಸುವವರಾರು?

ಮೊಬೈಲಿಗೊಂದು, ಗಣಕಯಂತ್ರಕ್ಕೊಂದು ಪುಟವಿರಲೆಂದು ಕೆಲವರು ಹೇಳುವುದುಂಟು. ಆದರೆ ಪರದೆಗಳು ಎರಡೇ ಅಳತೆಯವಲ್ಲ; ಮೇಲಾಗಿ ಎರಡು ಪುಟಗಳಲ್ಲಿ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಸಹಜ. ಬೆಳೆಗೆ ತಕ್ಕಂತೆ ಕೂರಿಗೆಯ ತಾಳುಗಳ ಅಂತರವನ್ನು ಬದಲಿಸುವಂತೆ, ಪರದೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಒಂದೇ ಪುಟವು ಉತ್ತಮ. ಈ ವಿಧಾನವನ್ನು 2010ರಲ್ಲಿ ಈಥನ್ ಮಾರ್ಕಾಟ್ ಎಂಬವರು ಹೆಸರಿಟ್ಟು ವಿವರಿಸಿದರು. 320 ಪಿಕ್ಸೆಲ್ ಅಗಲದಲ್ಲಿಯೂ ಅಡ್ಡಕ್ಕೆ ಸರಿಸದೆ ಬರಹವನ್ನು ಓದುವಂತಿರಬೇಕೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಿಧಿಸಿದೆ. ನಕ್ಷೆ, ಕೋಷ್ಟಕ ಮುಂತಾದವುಗಳಿಗೆ ಮಾತ್ರ ವಿನಾಯಿತಿಯುಂಟು.

ಆ ವಿನಾಯಿತಿಯುಳ್ಳವುಗಳಲ್ಲಿಯೇ ಹೆಚ್ಚಿನ ಎಚ್ಚರವು ಬೇಕು. ಕೋಷ್ಟಕವು ತನ್ನ ಚೌಕಟ್ಟಿನೊಳಗೇ ಅಡ್ಡಕ್ಕೆ ಸರಿಯಬೇಕು. ಬಲಕ್ಕೆ ಇನ್ನೂ ಕಾಲಂಗಳಿವೆಯೆಂಬ ಸೂಚನೆಯು ಎದ್ದು ಕಾಣಬೇಕು. ಸರ್ವೆ ನಕ್ಷೆಯನ್ನು ಪುಟದೊಳಗೆ ಕೂಡಿಸುವಾಗ ಅಗಲವು ಪುಟವನ್ನು ಅನುಸರಿಸಲಿ; ಎತ್ತರವು ಮಾತ್ರ ಪರದೆಯನ್ನೆಲ್ಲ ತುಂಬದಿರಲಿ. ತುಂಬಿದರೆ ಬೆರಳು ನಕ್ಷೆಯನ್ನೇ ಎಳೆಯುತ್ತ, ಕೆಳಗಿನ ಬರಹಕ್ಕೆ ತಲುಪದು. ಚಲಚ್ಚಿತ್ರಕ್ಕೆ 16ಕ್ಕೆ 9ರ ಪ್ರಮಾಣವನ್ನು ಉಳಿಸಿದರೆ ಸಾಕು. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಎಡೆಯನ್ನೂ ಬಿಡತಕ್ಕದ್ದು.

ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಪುಟ ರಚಿಸುವವರಿಗೇ ಬಿಟ್ಟು ಸುಮ್ಮನಿರಬಾರದು. ಯಾವುದೇ ಇಲಾಖೆಯ ಹೊಸ ಪುಟವನ್ನು ಊರಿನಲ್ಲಿರುವ ಅಗ್ಗದ ಮೊಬೈಲಿನಲ್ಲಿ, ನೆಟ್ಟಗೆ ಹಿಡಿದು, ಬಿಸಿಲಿನಲ್ಲಿ ತೆರೆದು ನೋಡಬೇಕು. ಕೊನೆಯ ಕಾಲಂ ಕಾಣದಿದ್ದರೆ ಆ ಸಂಗತಿಯನ್ನು ಸಂಬಂಧಪಟ್ಟ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅಗಲವಾದ ಪರದೆಯವರಿಗೆ ಚಿಕ್ಕ ಪುಟದಿಂದ ಹೆಚ್ಚಿನ ತೊಂದರೆಯಿಲ್ಲ. ಚಿಕ್ಕ ಪರದೆಯವರಿಗೆ ಅಗಲವಾದ ಪುಟದಿಂದ ಹಕ್ಕಿನ ಮಾಹಿತಿಯೇ ತಪ್ಪಿಹೋಗಬಹುದು.