ಹಿಂದೆ ಓಡುವವರೂ ಲೆಕ್ಕಕ್ಕೆ ಬರುವ ಓಟ

ಗೆ,
ಮಾನ್ಯ ಸಚಿವರು,
ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಕೊಯ್ಲಾದ ರಾಗಿ ಹೊಲದಲ್ಲಿ ಬರಿಗಾಲಲ್ಲಿ ಓಡಿದವರಿಗೆ ಕೂಳೆ ಹೇಗೆ ಚುಚ್ಚುತ್ತದೆಂದು ಹೇಳಿಕೊಡಬೇಕಾಗಿಲ್ಲ. ನಾನು ಮೊದಲ ಸಲ ಗುಡ್ಡಗಾಡು ಓಟಕ್ಕೆ ನಿಂತದ್ದು ಅಂಥದೊಂದು ಹೊಲದ ಬದುವಿನಲ್ಲಿ, ಡಿಗ್ರಿ ಎರಡನೇ ವರ್ಷದಲ್ಲಿ. ಎದೆಗೆ ನಂಬರ್ ಚೀಟಿ ಪಿನ್ನು ಹಾಕಿಕೊಂಡು, ಸುಣ್ಣದ ಪುಡಿಯ ಗೆರೆ ನೋಡಿಕೊಂಡು ಓಡಿದೆವು. ಹೊಲ ದಾಟಿದರೆ ತೆಂಗಿನ ತೋಟದ ಬೇಲಿ, ಬೇಲಿ ಮುಗಿದರೆ ಹಳ್ಳದ ಮರಳು, ಮರಳಿನಿಂದ ಕಾಲು ಕಿತ್ತರೆ ಎದುರಿಗೆ ಕೆರೆ ಏರಿ. ನಾನು ಮೂವತ್ತೊಂದನೆಯವಳಾಗಿ ಮುಗಿಸಿದೆ. ಇಷ್ಟು ಹಿಂದೆ ಬಿದ್ದೆನಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾಗ ನಮ್ಮ ದೈಹಿಕ ಶಿಕ್ಷಣದ ಮೇಡಂ ಓಡಿ ಬಂದು ತಬ್ಬಿಕೊಂಡರು. ಕೆರೆ ಏರಿ ಹತ್ತುವಾಗ ನಾನು ಇಬ್ಬರನ್ನು ದಾಟಿದ್ದೆ. ನಮ್ಮ ಕಾಲೇಜಿಗೆ ತಂಡದ ಕಪ್ ಬಂದದ್ದು ಒಂದೇ ಅಂಕದ ಅಂತರದಲ್ಲಿ.

ಈ ಅಂಕದ ವಿಚಾರವನ್ನು ತಮ್ಮ ಮುಂದೆ ಸ್ವಲ್ಪ ಬಿಡಿಸಿಡುತ್ತೇನೆ, ನನ್ನ ಬೇಡಿಕೆಯ ಬೇರು ಇರುವುದು ಅಲ್ಲಿಯೇ. ಗುಡ್ಡಗಾಡು ಓಟದಲ್ಲಿ ಎಷ್ಟನೆಯವರಾಗಿ ಬಂದಿರೋ ಅಷ್ಟು ಅಂಕ. ತಂಡದ ಅಂಕಗಳನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ದೇಶದಿಂದ ಆರು ಮಂದಿ ಓಡಿದರೆ ಮೊದಲು ಬಂದ ನಾಲ್ವರ ಸ್ಥಾನವನ್ನು ಎಣಿಸುತ್ತಾರೆ. ಒಂದು ತಂಡದವರು 1, 9, 14, 40ನೇ ಸ್ಥಾನದಲ್ಲಿ ಬಂದರು ಎನ್ನಿ, ಒಟ್ಟು 64. ಇನ್ನೊಂದು ತಂಡದವರು 6, 8, 10, 12, ಒಟ್ಟು 36. ಚಿನ್ನದ ಪದಕದ ಓಟಗಾರ ಇದ್ದ ತಂಡವೇ ಸೋತಿತು. ನಾಲ್ಕನೆಯವನು ಸುಸ್ತಾಗಿ ಒಬ್ಬನಿಗೆ ದಾರಿ ಬಿಟ್ಟರೆ ತಂಡಕ್ಕೆ ಒಂದು ಅಂಕ ಹೊರೆ, ಹಲ್ಲು ಕಚ್ಚಿ ಒಬ್ಬನನ್ನು ದಾಟಿದರೆ ಒಂದು ಅಂಕ ಹಗುರ. ಹಿಂದೆ ಓಡುವವರ ಒಂದೊಂದು ಹೆಜ್ಜೆಗೂ ಇಷ್ಟು ಬೆಲೆ ಕಟ್ಟುವ ಓಟ ಇನ್ನೊಂದನ್ನು ನಾನು ಕಂಡಿಲ್ಲ.

ಡಿಗ್ರಿ ಮುಗಿಯಿತು, ಆ ಓಟವೂ ಮುಗಿಯಿತು. ಪಿಯು, ಡಿಗ್ರಿ ಕಾಲೇಜುಗಳಲ್ಲಿ ಇಂದಿಗೂ ಗುಡ್ಡಗಾಡು ಓಟ ನಡೆಯುತ್ತದೆ. ಆದರೆ ಓದು ಬಿಟ್ಟವರಿಗೆ, ಓದಲು ಹೋಗದವರಿಗೆ, ಮದುವೆಯಾಗಿ ಬೇರೆ ಊರಿಗೆ ಬಂದ ಹೆಣ್ಣುಮಕ್ಕಳಿಗೆ ನಮ್ಮ ತಾಲ್ಲೂಕಿನಲ್ಲಿ ಅಂಥದೊಂದು ಓಟವಿಲ್ಲ. ದೊಡ್ಡ ನಗರಗಳ ರಸ್ತೆ ಓಟಗಳ ಮೇಲೆ ನನ್ನ ದೂರಿಲ್ಲ. ಬೆಂಗಳೂರಿನ ವಿಶ್ವ 10ಕೆ 2008ರಿಂದ ನಡೆಯುತ್ತಾ ಸಾವಿರಾರು ಜನರಿಗೆ ಓಟದ ರುಚಿ ಹತ್ತಿಸಿದೆ. ಆದರೆ ನಮ್ಮ ಅರಸೀಕೆರೆ ಕಡೆಯವರು ಅಂಥ ಓಟಕ್ಕೆ ಹೋಗಬೇಕೆಂದರೆ ಪ್ರವೇಶ ಶುಲ್ಕ ಕಟ್ಟಬೇಕು, ಹಿಂದಿನ ದಿನವೇ ರೈಲು ಹತ್ತಬೇಕು, ರಾತ್ರಿ ಉಳಿಯಲು ನೆಂಟರ ಮನೆ ಹುಡುಕಬೇಕು. ಕೂಲಿಗೆ ಹೋಗುವ ಹುಡುಗಿಗೆ ಅದು ಎರಡು ದಿನದ ಸಂಬಳ ಬಿಟ್ಟಂತೆ.

ಹಾಗೆಂದು ನಮ್ಮ ಕಡೆ ಓಡುವವರಿಗೆ ಬರವಿಲ್ಲ. ಬೆಳಗಿನ ಜಾವ ಯಾವ ಹೆದ್ದಾರಿಯಲ್ಲಾದರೂ ಹೋಗಿ ನೋಡಿ. ಪೊಲೀಸ್, ಸೇನೆಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು ಕತ್ತಲಲ್ಲೇ ಲಾರಿಗಳ ಪಕ್ಕ ಓಡುತ್ತಿರುತ್ತಾರೆ. ಕೆಲಸ ಸಿಕ್ಕರೆ ಹೊರಡುತ್ತಾರೆ. ವಯಸ್ಸು ಮೀರಿದರೆ ಬೂಟು ಅಟ್ಟಕ್ಕೆ ಹಾಕುತ್ತಾರೆ. ಆಮೇಲೂ ಓಡಬಹುದು, ಅದಕ್ಕೊಂದು ಜಾಗವಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಈ ಆಟ ಹುಟ್ಟಿದ್ದೇ ಓಟವನ್ನು ಕಸುಬು ಮಾಡಿಕೊಳ್ಳದವರಿಂದ. ಲಂಡನ್ನಿನ ಥೇಮ್ಸ್ ನದಿಯಲ್ಲಿ ದೋಣಿ ಸ್ಪರ್ಧೆಗೆ ಹುಟ್ಟು ಹಾಕುತ್ತಿದ್ದವರು ಚಳಿಗಾಲದಲ್ಲಿ ಮೈ ಜಡವಾಗದಿರಲಿ ಎಂದು ಬಯಲಲ್ಲಿ ಓಡಲು ಶುರು ಮಾಡಿ 1868ರಲ್ಲಿ ಕಟ್ಟಿದ 'ಥೇಮ್ಸ್ ಹೇರ್ ಅಂಡ್ ಹೌಂಡ್ಸ್' ಕ್ಲಬ್ ಇಂದಿಗೂ ಇದೆ. ಅವರಿಗೆ ಬೇಕಾಗಿದ್ದದ್ದು ಚಳಿಗಾಲ ಮತ್ತು ಖಾಲಿ ನೆಲ, ಎರಡೇ. ನಮಗೂ ಡಿಸೆಂಬರ್ ಹೊತ್ತಿಗೆ ರಾಗಿ ಕಣಕ್ಕೆ ಬಂದು ಹೊಲಗಳು ಖಾಲಿಯಾಗುತ್ತವೆ. ಗೋಮಾಳವಿದೆ, ಕೆರೆ ಅಂಗಳವಿದೆ. ಸಿಂಥೆಟಿಕ್ ಟ್ರ್ಯಾಕ್‌ಗೆ ಕೋಟಿಗಟ್ಟಲೆ ಬೇಕು, ಈ ಓಟಕ್ಕೆ ಒಂದು ಮೂಟೆ ಸುಣ್ಣದ ಪುಡಿ ಸಾಕು.

ಆದರೆ ಮನಸ್ಸಿಟ್ಟು ನಡೆಸದಿದ್ದರೆ ಇದೇ ಓಟ ಜೀವಕ್ಕೆ ಎರವಾದೀತು. ಒಮ್ಮೆ ನಮ್ಮ ಓಟ ಬೆಳಗ್ಗೆ ಏಳಕ್ಕೆ ಎಂದಿತ್ತು. ಮುಖ್ಯ ಅತಿಥಿಗಳು ಬಂದು, ಹಾರ, ಶಾಲು, ಭಾಷಣ ಮುಗಿದು ಸೀಟಿ ಊದುವಷ್ಟರಲ್ಲಿ ಹತ್ತೂವರೆ. ನನ್ನ ಮುಂದೆ ಓಡುತ್ತಿದ್ದ ಹುಡುಗಿ ಮರಳಿನ ಹಳ್ಳದಲ್ಲಿ ಕುಸಿದಳು. ಅವಳ ತುಟಿ ಬಿಳಿಚಿತ್ತು, ಚರ್ಮ ಕೆಂಡದ ಹಾಗೆ ಸುಡುತ್ತಿತ್ತು. ಹತ್ತಿರದಲ್ಲಿ ನೀರಿರಲಿಲ್ಲ. ತೋಟದ ಪಂಪ್‌ಸೆಟ್‌ ಹತ್ತಿರ ಎತ್ತಿಕೊಂಡು ಹೋಗಿ ತಲೆಗೆ ನೀರು ಹೊಯ್ದ ಮೇಲೆ ಕಣ್ಣು ಬಿಟ್ಟಳು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಸುಡುಬಿಸಿಲಿನಲ್ಲೇ ಈ ಓಟ ನಡೆಸಿದರು. ಹೊರಟವರು 38 ಮಂದಿ, ಗುರಿ ಮುಟ್ಟಿದವರು 15. ಫಿನ್ಲೆಂಡಿನ ಪಾವೊ ನುರ್ಮಿ ಗೆದ್ದ ಆ ಓಟವೇ ಕೊನೆ, ಗುಡ್ಡಗಾಡು ಓಟ ಮತ್ತೆ ಒಲಿಂಪಿಕ್ಸ್‌ ಕಣಕ್ಕೆ ಬರಲಿಲ್ಲ. ಹೊತ್ತು ನೋಡದೆ ಓಡಿಸಿದರೆ ಕೆಟ್ಟ ಹೆಸರು ಬರುವುದು ಆಟಕ್ಕೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ನಡೆಸಿ ಇಲಾಖೆಗೆ ಅನುಭವವಿದೆ. ಅದೇ ವ್ಯವಸ್ಥೆಯಲ್ಲಿ ಪ್ರತಿ ವರ್ಷ ಡಿಸೆಂಬರ್ ಅಥವಾ ಜನವರಿಯಲ್ಲಿ ಪ್ರತಿ ತಾಲ್ಲೂಕಿನಲ್ಲೂ ಒಂದು ಮುಕ್ತ ಗುಡ್ಡಗಾಡು ಓಟ ನಡೆಯಲಿ. ಶುಲ್ಕ ಬೇಡ, ಟೀ ಶರ್ಟ್ ಬೇಡ. ಆರೂವರೆಗೆ ಓಟ ಶುರುವಾಗಲಿ, ವೇದಿಕೆ ಕಾರ್ಯಕ್ರಮ ಏನಿದ್ದರೂ ಕೊನೆಯವರು ಮುಗಿಸಿದ ಮೇಲೆ. ದಾರಿಯಲ್ಲಿ ಕುಡಿಯುವ ನೀರು, ಒಂದು ಆಂಬುಲೆನ್ಸ್ ಇರಲಿ. ಪಂಚಾಯಿತಿಗೊಂದು ತಂಡ ಕಟ್ಟಿ ತಂಡದ ಅಂಕಕ್ಕೇ ದೊಡ್ಡ ಬಹುಮಾನ ಇಡಿ. ಮೂವತ್ತೈದು ದಾಟಿದವರಿಗೆ ಬೇರೆ ವಿಭಾಗವಿರಲಿ. ಹೆಂಗಸರಿಗೆ ಗಂಡಸರಷ್ಟೇ ದೂರ ಕೊಡಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಹುಕಾಲ ಹೆಂಗಸರಿಗೆ ಕಡಿಮೆ ದೂರ ಇಟ್ಟಿದ್ದರು. 2017ರಲ್ಲಿ ಉಗಾಂಡದ ಕಂಪಾಲಾದಲ್ಲಿ ನಡೆದ ಕೂಟದಿಂದೀಚೆಗೆ ಇಬ್ಬರಿಗೂ 10 ಕಿಲೋಮೀಟರ್.

ಎಲ್ಲಕ್ಕಿಂತ ಮುಖ್ಯವಾಗಿ ನೆಲದ ಅನುಮತಿ. ನಾವು ಊರಿನ ಎಂಟು ಮಂದಿ ಸೇರಿ ಹೋದ ವರ್ಷ ಇಂಥ ಓಟ ನಡೆಸಲು ಹೊರಟೆವು. ಒಂದು ಕಚೇರಿ ಇನ್ನೊಂದಕ್ಕೆ ಕಳಿಸಿತು, ಅದು ಮತ್ತೊಂದಕ್ಕೆ. ಬೇಡ ಎಂದು ಯಾರೂ ಹೇಳಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಅಷ್ಟರಲ್ಲಿ ಬಿಸಿಲು ಏರಿತು. ಕಂದಾಯ, ಅರಣ್ಯ, ಪೊಲೀಸ್, ಪಂಚಾಯಿತಿ ನಾಲ್ಕೂ ಕಡೆಯ ಒಪ್ಪಿಗೆ ಒಂದೇ ಅರ್ಜಿಯಲ್ಲಿ ಸಿಗುವಂತೆ ತಾವೊಂದು ಆದೇಶ ಹೊರಡಿಸಿದರೆ ಉಳಿದದ್ದು ನಾವು ನೋಡಿಕೊಳ್ಳುತ್ತೇವೆ. 6 ಕಿಲೋಮೀಟರ್ ದಾರಿ ಅಳೆದಿಟ್ಟಿದ್ದೇವೆ. ಹೊಲದವರು ಒಪ್ಪಿದ್ದಾರೆ.

ಈ ಸಲದ ರಾಗಿ ಕೊಯ್ಲಿನ ಹೊತ್ತಿಗೆ ಆ ಆದೇಶ ನಮ್ಮ ಕೈ ಸೇರಲಿ. ಓಟದ ದಿನ ತಾವೂ ಬನ್ನಿ. ಬಂದಾಗ ಗುರಿಯ ಗೆರೆಯ ಹತ್ತಿರ ನಿಲ್ಲಬೇಡಿ, ಕೆರೆ ಏರಿಯ ಮೇಲೆ ನಿಲ್ಲಿ. ಮೂವತ್ತನೆಯವಳೋ ನಲವತ್ತನೆಯವಳೋ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬರುತ್ತಾಳೆ. ಅವಳ ತಂಡದ ಗೆಲುವು ಅವಳ ಕಾಲಲ್ಲಿದೆ ಎಂದು ಕೂಗಿ ಹೇಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓಟಗಾರ್ತಿ
ಅರಸೀಕೆರೆ ತಾಲ್ಲೂಕು