ಅಲಂಕಾರವು ಒಡವೆಯಲ್ಲ



ಅಲಂಕಾರವೆಂದರೆ ಲಕ್ಷಣ ಬರೆದು ಎರಡು ಅಂಕ ಗಳಿಸುವ ಪಾಠವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಸರಿಯಲ್ಲವೆಂಬುದಕ್ಕೆ ಲ್ಯಾಟಿನ್ ಸಾಹಿತ್ಯವೇ ಒಳ್ಳೆಯ ಸಾಕ್ಷಿ.

ಕ್ರಿ.ಪೂ. 63ರಲ್ಲಿ ರೋಮಿನ ಕಾನ್ಸಲ್ ಆಗಿದ್ದ ಸಿಸೆರೊ, ರಾಜ್ಯವನ್ನು ಬುಡಮೇಲು ಮಾಡಲು ಸಂಚು ಹೂಡಿದ್ದ ಕ್ಯಾಟಿಲಿನನನ್ನು ಸೆನೆಟ್ ಸಭೆಯಲ್ಲಿ ಎದುರಿಗೇ ಖಂಡಿಸಿದನು. ಉತ್ತರ ಬೇಡದ ಪ್ರಶ್ನೆಗಳಿಂದಲೇ ಭಾಷಣ ಆರಂಭ. ಬಳಿಕ ಒಂದೇ ನಿಷೇಧಪದವು ಆರು ವಾಕ್ಯಖಂಡಗಳ ಮೊದಲಿಗೆ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ಮುಂದೆ, ಎದುರಾಳಿಯ ಆಸ್ತಿ ಹಾಳಾದ ವಿಷಯವನ್ನು ಬಿಟ್ಟುಬಿಡುತ್ತೇನೆಂದು ಹೇಳುತ್ತಲೇ ಅದನ್ನು ಸಭೆಯ ಕಿವಿಗೆ ಹಾಕುತ್ತಾನೆ. ಹೇಳುವುದಿಲ್ಲವೆಂದು ಹೇಳುವ ಈ ತಂತ್ರಕ್ಕೆ 'ಪ್ರೈಟೆರಿಟಿಯೊ' ಎಂದು ಹೆಸರು. ಅದೇ ವರ್ಷದ ಡಿಸೆಂಬರಿನಲ್ಲಿ ಐವರು ಸಂಚುಗಾರರನ್ನು ವಿಚಾರಣೆಯಿಲ್ಲದೆ ಕೊಲ್ಲಲಾಯಿತು. ಅದರ ಫಲವಾಗಿ ಸಿಸೆರೊ ಕ್ರಿ.ಪೂ. 58ರಲ್ಲಿ ದೇಶಭ್ರಷ್ಟನಾದನು. ಮಾತೊಂದೇ ಕಾರಣವೆನ್ನಲಾಗದು, ಆದರೆ ಸಭೆಯ ಮನಸ್ಸನ್ನು ಹದಗೊಳಿಸುವಲ್ಲಿ ಮಾತಿನ ಪಾಲು ದೊಡ್ಡದು.

ಕಾವ್ಯದಲ್ಲಿಯೂ ಹೀಗೆಯೇ. ಕನ್ನಡದಲ್ಲಿ ವಿಶೇಷಣಕ್ಕೆ ವಿಭಕ್ತಿಯಿಲ್ಲ. ಅದು ಸಾಮಾನ್ಯವಾಗಿ ನಾಮಪದಕ್ಕೆ ಅಂಟಿಕೊಂಡೇ ಇರಬೇಕು. ಸಂಸ್ಕೃತದಂತೆ ಲ್ಯಾಟಿನ್‌ನಲ್ಲಿ ವಿಶೇಷಣವೂ ವಿಭಕ್ತಿಯನ್ನು ಧರಿಸುವುದರಿಂದ ಎಷ್ಟು ದೂರವಿದ್ದರೂ ಅನ್ವಯ ಕೆಡುವುದಿಲ್ಲ. ಆದ್ದರಿಂದಲೇ ಮೊದಲು ಎರಡು ವಿಶೇಷಣ, ನಡುವೆ ಕ್ರಿಯಾಪದ, ಕೊನೆಗೆ ಎರಡು ನಾಮಪದಗಳಿರುವ ಸಾಲುಗಳನ್ನು ಕವಿಗಳು ಹೆಣೆದರು. ವರ್ಜಿಲನ 'ಈನಿಯಡ್'ನ ಎಂಟನೆಯ ಕಾಂಡದಲ್ಲಿ ಕುದುರೆಗಳು ಓಡುವ ಸಾಲೊಂದಿದೆ. ಒಂದು ಗುರು, ಎರಡು ಲಘುಗಳ ಗಣ ಅಲ್ಲಿ ಸತತವಾಗಿ ಐದು ಬಾರಿ ಬರುತ್ತದೆ. ಅರ್ಥ ತಿಳಿಯುವ ಮೊದಲೇ ಗೊರಸಿನ ಸದ್ದು ಕೇಳಿಸುತ್ತದೆ.

ಈ ಅಲಂಕಾರಗಳನ್ನು ತೆಗೆದರೆ ಉಳಿಯುವುದು ಅದೇ ಮಾತಲ್ಲ, ಬೇರೆಯೇ ಮಾತು. ಒಡವೆ ಕಳಚಿದರೆ ದೇಹಕ್ಕೆ ಕುಂದಿಲ್ಲ. ಅಲಂಕಾರವಾದರೋ ಮಾತಿನ ನರವೇ ಆಗಿದೆ. ಹಾಗೆಂದು ಅತಿಯಾಗಬಾರದು. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಶಿಕ್ಷಕನಾಗಿದ್ದ ಕ್ವಿಂಟಿಲಿಯನ್, ವಾಗ್ಮಿಯ ಶಿಕ್ಷಣವನ್ನು ಕುರಿತ ತನ್ನ 12 ಸಂಪುಟಗಳ ಗ್ರಂಥದಲ್ಲಿ, ಮಿತಿಮೀರಿ ಅರಸಿದ ಅಲಂಕಾರ ಹಾಸ್ಯಾಸ್ಪದವೆಂದು ಎಚ್ಚರಿಸಿದ್ದಾನೆ.

ಆದುದರಿಂದ ಅಲಂಕಾರದ ಹೆಸರನ್ನಷ್ಟೇ ಕೇಳದೆ, ಅದನ್ನು ತೆಗೆದರೆ ಏನು ನಷ್ಟವೆಂದು ಮಕ್ಕಳನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. "ಅವರ ಖಾಸಗಿ ವಿಷಯ ನಾನು ಎತ್ತುವುದಿಲ್ಲ" ಎಂದು ಇಂದಿನ ವೇದಿಕೆಯ ಮೇಲೆ ಯಾರಾದರೂ ಆರಂಭಿಸಿದಾಗ, ಸಿಸೆರೊನ ತಂತ್ರವನ್ನು ಬಲ್ಲವನು ಸುಲಭವಾಗಿ ಮರುಳಾಗುವುದಿಲ್ಲ. ಅಲಂಕಾರ ಕಲಿತವನು ಕವಿಯಾಗದಿದ್ದರೂ ಚಿಂತೆಯಿಲ್ಲ, ಎಚ್ಚರದ ಶ್ರೋತೃವಾದರೆ ಸಾಕು.