ಗರಿಕೆ ಮೇಲೋ, ಪ್ಲಾಸ್ಟಿಕ್ ಮೇಲೋ?

ಮಕ್ಕಳೇ, ನಮ್ಮ ಊರುಗಳಲ್ಲಿ ಈಚೆಗೆ ‘ಮೈದಾನಕ್ಕೆ ಹೋಗೋಣ’ ಎನ್ನುವವರಿಗಿಂತ ‘ಟರ್ಫ್ ಬುಕ್ ಮಾಡೋಣ’ ಎನ್ನುವವರೇ ಹೆಚ್ಚಾಗಿದ್ದಾರೆ. ಗಂಟೆಗೆ ಇಷ್ಟೆಂದು ಬಾಡಿಗೆ, ಹತ್ತು ಜನ ಸೇರಿ ಹಂಚಿಕೊಳ್ಳುವುದು, ಸುತ್ತ ಬಲೆ, ಮೇಲೆ ಲೈಟು, ಕೆಳಗೆ ವರ್ಷವಿಡೀ ಹಸಿರಾಗಿರುವ ನೆಲ. ಆ ಹಸಿರು ಪ್ಲಾಸ್ಟಿಕ್ಕಿನದು ಎಂಬುದು ನಿಮಗೆಲ್ಲ ಗೊತ್ತು. ಹಾಗಾದರೆ ಫುಟ್‌ಬಾಲ್‌ಗೆ ಅದು ಒಳ್ಳೆಯದೋ, ಮಣ್ಣಲ್ಲಿ ಬೆಳೆದ ಹುಲ್ಲೋ? ಈ ವಾರ ಅದನ್ನೇ ನೋಡೋಣ.

ಮನುಷ್ಯ ಪ್ಲಾಸ್ಟಿಕ್ ಹುಲ್ಲು ಹಾಸಿದ್ದು ಶೋಕಿಗಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಕ್ರೀಡಾಂಗಣ ತೆರೆಯಿತು. ಅದಕ್ಕೆ ಪೂರ್ತಿ ಚಾವಣಿ. ಒಳಗಿನ ಹುಲ್ಲಿಗೆ ಬಿಸಿಲು ಬೀಳಲೆಂದು ಬೆಳಕು ಹಾಯುವ ಹಾಳೆಗಳನ್ನು ಹೊದಿಸಿದ್ದರು. ಆದರೆ ಬೇಸ್‌ಬಾಲ್ ಆಟಗಾರರು ತಲೆಯೆತ್ತಿದರೆ ಕಣ್ಣು ಕುಕ್ಕಿ ಚೆಂಡೇ ಕಾಣುತ್ತಿರಲಿಲ್ಲ. ಹಾಳೆಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು! ಮರುವರ್ಷ ಅಲ್ಲಿ ಪ್ಲಾಸ್ಟಿಕ್ ಹುಲ್ಲು ಬಂತು. ಆ ಕ್ರೀಡಾಂಗಣದ ಹೆಸರಿನಿಂದಲೇ ಅದು ‘ಆಸ್ಟ್ರೋಟರ್ಫ್’ ಆಯಿತು.

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನಲ್ಲಿ ಮೊದಲು ಇದನ್ನು ಹಾಸಿದ್ದು ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್, 1981ರಲ್ಲಿ. ಗಟ್ಟಿ ನೆಲದ ಮೇಲೆ ಚೆಂಡು ಪುಟಿದದ್ದೇ ಪುಟಿದದ್ದು. ಜಾರಿ ಬಿದ್ದವರ ಚರ್ಮ ಸುಲಿಯುತ್ತಿತ್ತು. 1988ರಲ್ಲಿ ಕ್ಲಬ್ಬು ಅದನ್ನು ಕಿತ್ತು ಮತ್ತೆ ನಿಜವಾದ ಹುಲ್ಲು ಹಾಕಿತು.

ಈಗಿನ ಟರ್ಫ್ ಅಷ್ಟು ಒರಟಲ್ಲ. ಪ್ಲಾಸ್ಟಿಕ್ ಎಳೆಗಳು ಉದ್ದವಾಗಿವೆ. ಅವುಗಳ ನಡುವೆ ಮರಳು ಮತ್ತು ರಬ್ಬರ್ ಕಾಳು ತುಂಬಿರುತ್ತಾರೆ. ಆಡಿ ಬಂದ ಮೇಲೆ ನಿಮ್ಮ ಶೂ ಕೊಡವಿದರೆ ಕರಿ ಎಳ್ಳಿನಂತೆ ಉದುರುತ್ತದಲ್ಲ, ಅದೇ. ಹಳೆಯ ಟೈರುಗಳನ್ನು ಪುಡಿ ಮಾಡಿದ್ದು. ಕಾಲಿಟ್ಟಾಗ ಮೆತ್ತಗಿರಲಿ, ಎಳೆಗಳು ನೆಟ್ಟಗೆ ನಿಲ್ಲಲಿ ಎಂದು ಈ ಏರ್ಪಾಡು.

ಇದರಿಂದ ಉಪಕಾರವೂ ಆಗಿದೆ. ನಾರ್ವೆಯ ಬೋಡೋ ಎಂಬ ಊರು ಉತ್ತರ ಧ್ರುವವೃತ್ತದೊಳಗಿದೆ. ಆ ಚಳಿಯಲ್ಲಿ ಒಳ್ಳೆಯ ಹುಲ್ಲು ಬೆಳೆಸುವುದು ಬಲು ಕಷ್ಟ. ಅಲ್ಲಿನ ಕ್ಲಬ್ ಕೃತಕ ಹುಲ್ಲಿನ ಮೇಲೇ ಆಡಿ 2021ರಲ್ಲಿ ಇಟಲಿಯ ರೋಮಾ ತಂಡವನ್ನು 6-1ರಿಂದ ಸೋಲಿಸಿತು! ನಮ್ಮ ಬೆಂಗಳೂರು ಎಫ್‌ಸಿ ಕೂಡ ತನ್ನ ಮೊದಲ ಐ-ಲೀಗ್ ಪ್ರಶಸ್ತಿ ಗೆದ್ದ 2013-14ರಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಕೃತಕ ಹುಲ್ಲಿನಲ್ಲೇ ತವರಿನ ಪಂದ್ಯಗಳನ್ನು ಆಡಿತ್ತು. ಆಮೇಲೆ ಕಂಠೀರವದ ಹುಲ್ಲಿಗೆ ಹೋಯಿತು.

ತೊಂದರೆ ಏನೆಂದು ಆಟಗಾರರನ್ನೇ ಕೇಳಬೇಕು. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ನಡೆಯಿತು. ಎಲ್ಲ ಪಂದ್ಯಗಳೂ ಕೃತಕ ಹುಲ್ಲಿನ ಮೇಲೆ. ಪುರುಷರ ವಿಶ್ವಕಪ್‌ನಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಅಮೆರಿಕದ ಸಿಡ್ನಿ ಲೆರೂ, ಟರ್ಫ್ ಮೇಲೆ ಆಡಿ ರಕ್ತ ಬಂದ ತನ್ನ ಕಾಲುಗಳ ಚಿತ್ರವನ್ನು 2013ರಲ್ಲೇ ಜಗತ್ತಿಗೆ ತೋರಿಸಿದ್ದಳು. ಆಬಿ ವಾಂಬಾಕ್ ಮುಂದಾಳಾಗಿ ಹಲವು ದೇಶಗಳ ಆಟಗಾರ್ತಿಯರು ‘ಗಂಡಸರಿಗೊಂದು ನೆಲ, ನಮಗೊಂದು ನೆಲವೇ?’ ಎಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕು ನ್ಯಾಯಮಂಡಳಿಗೆ ದೂರು ಕೊಟ್ಟರು. ಸಮಯ ಮೀರಿತು, ದೂರು ಹಿಂದಕ್ಕೆ ಪಡೆದರು, ಆಡಿದರು. ಎಡ್ಮಂಟನ್‌ನಲ್ಲಿ ಮೊದಲ ಪಂದ್ಯದ ದಿನ ನೆಲದ ಬಿಸಿ ಸುಮಾರು 49 ಡಿಗ್ರಿ ಸೆಲ್ಸಿಯಸ್! ಆದರೆ ಅವರ ಮಾತು ಗಾಳಿಗೆ ಹೋಗಲಿಲ್ಲ. 2023ರ ಮಹಿಳಾ ವಿಶ್ವಕಪ್ ನಡೆದದ್ದು ನಿಜವಾದ ಹುಲ್ಲಿನ ಮೇಲೆ.

ನೆಲ ಅಷ್ಟೊಂದು ಕಾಯುವುದೇಕೆ? ಜೀವಂತ ಹುಲ್ಲು ಬೇರಿನಿಂದ ನೀರೆಳೆದು ಎಲೆಯಿಂದ ಆವಿಯಾಗಿ ಬಿಡುತ್ತದೆ. ಮಡಕೆಯ ನೀರು ತಣ್ಣಗಿರುವ ಹಾಗೆ ಅದೂ ತಣ್ಣಗಿರುತ್ತದೆ. ಪ್ಲಾಸ್ಟಿಕ್ ಬೆವರುವುದಿಲ್ಲ, ಬಿಸಿಲನ್ನೆಲ್ಲ ಕುಡಿದು ಕೂರುತ್ತದೆ. ಇನ್ನು ಆ ರಬ್ಬರ್ ಕಾಳು ಮಳೆನೀರಿನೊಡನೆ ಚರಂಡಿ ಸೇರಿ, ಕೆರೆ ಸೇರುತ್ತದೆ. ಅದಕ್ಕೇ ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿ, ಎಂಟು ವರ್ಷದ ಗಡುವಿನ ನಂತರ ಇಂಥ ಪ್ಲಾಸ್ಟಿಕ್, ರಬ್ಬರ್ ಕಾಳಿನ ಮಾರಾಟ ನಿಲ್ಲಬೇಕೆಂದಿದೆ.

ಹಾಗಾದರೆ ಎಲ್ಲೆಲ್ಲೂ ಹುಲ್ಲೇ ಇರಲಿ ಎನ್ನೋಣವೇ? ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಬಹಳ ವರ್ಷ ಮೈದಾನದಲ್ಲೇ ಕಳೆದ ನನಗೆ ಅದರ ಕಷ್ಟ ಗೊತ್ತು. ನಮ್ಮ ಶಾಲೆಯ ಅಂಗಳದಲ್ಲಿ ಮಳೆಗಾಲ ಮುಗಿದಾಗ ಹಸಿರೋ ಹಸಿರು. ಯುಗಾದಿಯ ಹೊತ್ತಿಗೆ ಗೋಲ್‌ಕಂಬದ ಮುಂದೆ ಬರೀ ಕೆಮ್ಮಣ್ಣು, ಕಲ್ಲು. ನೂರಾರು ಕಾಲುಗಳ ಕೆಳಗೆ ಯಾವ ಹುಲ್ಲು ತಾನೇ ಉಳಿದೀತು? ನೀರಿಗೂ ಬರ. ನಮ್ಮ ಹೆಚ್ಚಿನ ಮಕ್ಕಳಿಗೆ ಸಿಕ್ಕಿರುವುದು ಹುಲ್ಲೂ ಅಲ್ಲ, ಟರ್ಫೂ ಅಲ್ಲ, ಮಣ್ಣು.

ಆದರೂ ನಮ್ಮ ಕೈಯಲ್ಲೊಂದು ಹುಲ್ಲಿದೆ. ಚೌತಿಯ ದಿನ ಗಣಪನಿಗೆ ಏರಿಸುವ ಗರಿಕೆ! ಬಿಸಿನಾಡುಗಳ ದೊಡ್ಡ ದೊಡ್ಡ ಫುಟ್‌ಬಾಲ್ ಅಂಗಣಗಳಲ್ಲಿ ಬೆಳೆಸುವ ‘ಬರ್ಮುಡಾ’ ಹುಲ್ಲು ಇದೇ ಜಾತಿಯದು. ತುಳಿದರೂ ಬಿಸಿಲಿಗೆ ಒಣಗಿದರೂ ಬೇರು ಹಿಡಿದುಕೊಂಡಿದ್ದು, ನೀರು ಬಿದ್ದೊಡನೆ ಚಿಗುರುತ್ತದೆ. ಮಳೆ ಹಿಡಿದಾಗ ನೆಟ್ಟು, ಕೆಲವು ವಾರ ಆಟ ನಿಲ್ಲಿಸಿದರೆ ಅದು ಹಬ್ಬುತ್ತದೆ. ಗೋಲ್‌ಕಂಬಗಳನ್ನು ಆಗಾಗ ಜಾಗ ಬದಲಿಸಿದರೆ ಒಂದೇ ಕಡೆ ಸವೆಯುವುದಿಲ್ಲ. ನಮ್ಮ ಹುಡುಗರ ಕೈಲಿ ನಾನು ಮಾಡಿಸುತ್ತಿದ್ದುದು ಇಷ್ಟೇ.

ನಗರದ ಇಕ್ಕಟ್ಟಿನಲ್ಲಿ, ರಾತ್ರಿ ಹನ್ನೊಂದರವರೆಗೆ ಒಂದರ ಹಿಂದೊಂದು ತಂಡ ಆಡುವ ಕಡೆ ಟರ್ಫ್ ಇರಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರೂ ಬಂದು ಆಡಬಹುದಾದ ಮೈದಾನವನ್ನು ಮುಚ್ಚಿ, ಪ್ಲಾಸ್ಟಿಕ್ ಹಾಸಿ, ಬೀಗ ಹಾಕಿ, ಗಂಟೆಗೆ ಬಾಡಿಗೆ ಕೇಳುವುದಕ್ಕೆ ನನ್ನ ವಿರೋಧವಿದೆ. ಹತ್ತು ಜನರ ಪೈಕಿ ಒಬ್ಬನ ಕೈಲಿ ಪಾಲಿನ ದುಡ್ಡು ಇರುವುದಿಲ್ಲ. ಅವನು ಬಲೆಯ ಹೊರಗೇ ನಿಲ್ಲುತ್ತಾನೆ. ಅಪ್ಪ ಅಮ್ಮಂದಿರೇ, ನಿಮ್ಮ ಬಡಾವಣೆಯ ಮೈದಾನದ ಮಾತು ಸಭೆಗೆ ಬಂದಾಗ ಮಕ್ಕಳನ್ನೂ ಕರೆದು ಕೂರಿಸಿ ಕೇಳಿ. ಓಡುವವರೂ ಅವರೇ, ಬೀಳುವವರೂ ಅವರೇ.

ಟರ್ಫ್‌ನಲ್ಲೇ ಆಡುವ ಮಕ್ಕಳಿಗೆ ಎರಡು ಮಾತು. ನಡು ಮಧ್ಯಾಹ್ನ ಬೇಡ, ಬೆಳಿಗ್ಗೆಯೋ ಸಂಜೆಯೋ ಆಡಿ, ನೀರಿನ ಬಾಟಲಿ ಜೊತೆಗಿರಲಿ. ಮೊಣಕಾಲು ಉಜ್ಜಿಹೋದರೆ ‘ಏನಾಗಲ್ಲ ಬಿಡು’ ಎನ್ನದೆ ಸೋಪು ನೀರಿನಲ್ಲಿ ತೊಳೆಯಿರಿ. ಶೂಗಳನ್ನು ಗೇಟಿನೊಳಗೇ ಕೊಡವಿ ಬನ್ನಿ, ಆ ಕರಿ ಕಾಳು ನಮ್ಮ ಕೆರೆ ಸೇರುವುದು ಬೇಡ.